ಅಪ್‌ಡೇಟ್: ಅಟ್ಟ ಕೊನೆಗೂ ಖಾಲಿ ಆಯ್ತು

ಮಳೆಗಾಲಕ್ಕೆ ಮುಂಚೆ ಕೇಳಿದ್ದೆ, ಶಿರಸಿಯ ನಮ್ಮ ಹಳೇ ಮನೆ ಅಟ್ಟದ ತುಂಬಾ ಸಾಮಾನು, ಆಯಿ ಏನೂ ಬಿಸಾಕೋಕೆ ಬಿಡಲ್ಲ, ಕಡಿಮೆಯಲ್ಲಿ ಬದುಕೋದನ್ನ ಎಲ್ಲಿಂದ ಶುರು ಮಾಡ್ಲಿ ಅಂತ. "ಮೊದ್ಲು ನಿಂದು ತೆಗಿ, ಆಯಿದು ಮುಟ್ಬೇಡ" ಅಂದವರಿಗೆ ತುಂಬಾ ಥ್ಯಾಂಕ್ಸ್, ಅದೇ ಕೆಲಸ ಮಾಡ್ತು.

ನನ್ನ ಬೀರು ತೆಗೆದ್ರೆ 41 ಸೀರೆ, ಉಡೋದು ಒಂದು ಹನ್ನೆರಡು ಇರ್ಬೇಕು, ಉಳಿದವು ಇಲ್ಲಿನ ಥಂಡಿಗೆ ಮಡಿಕೆಯಲ್ಲೇ ಬೂಷ್ಟು ಹಿಡಿದು ಕೂತಿದ್ವು, ನೋಡಿ ನಿಜವಾಗ್ಲೂ ಅಳು ಬಂತು, ಯಾಕಂದ್ರೆ ಪ್ರತಿ ವರ್ಷ ಮಳೆ ಮುಗಿದ್ಮೇಲೆ ಅದನ್ನೆಲ್ಲ ಬಿಸಿಲಿಗೆ ಹಾಕಿ ಮತ್ತೆ ಒಳಗಿಡೋದ್ರಲ್ಲೇ ಎಷ್ಟು ದಿನ ಕಳೆದಿದೀನಿ. ಚೆನ್ನಾಗಿರೋದನ್ನ ಬೇಕು ಅಂದವರಿಗೆ ಕೊಟ್ಟೆ (ಕೇಳದೆ ಕೊಡ್ಬೇಡಿ, ನಮಗೆ ಬೇಡಾದ್ದು ಅವರಿಗೆ ಭಾರ ಆಗ್ಬಾರ್ದು).

ಆಮೇಲೆ ಒಂದಿನ ಆಯಿನೇ ಏಣಿ ಹಿಡ್ಕೋ ಅಂದ್ಲು! ಜಾತ್ರೇಲಿ ತಂದ ಪ್ಲಾಸ್ಟಿಕ್ ಡಬ್ಬ, ಮದುವೆಮನೇಲಿ ಕೊಟ್ಟ ಸ್ಟೀಲ್ ತಟ್ಟೆ ಎಲ್ಲಾ ಕೆಳಗೆ ಬಂತು. ಅಜ್ಜಿಯ ತಾಮ್ರದ ಹಂಡೆ ಮಾತ್ರ ಕೊಡಲ್ಲ ಅಂದ್ಲು, ನಾನೂ ಹೂಂ ಅಂದೆ, ಈಗ ಅದು ಬಚ್ಚಲ ಒಲೆ ಮೇಲಿದೆ, ದಿನಾ ಸ್ನಾನಕ್ಕೆ ಅದರಲ್ಲೇ ನೀರು ಕಾಯ್ಸೋದು.

ಮಾರಿಕಾಂಬಾ ಜಾತ್ರೆ ಹೆಂಗೂ ಎರಡು ವರ್ಷಕ್ಕೊಮ್ಮೆ, ಮುಂದಿನ ಸಲ ದೇವಿ ದರ್ಶನ, ಒಂದು ಡಜನ್ ಬಳೆ, ಅಷ್ಟೇ ಅಂತ ಇಬ್ರೂ ಮಾತಾಡ್ಕೊಂಡಿದೀವಿ.