ಗುಜರಿಯಲ್ಲಿ ಸಿಕ್ಕ ಬಯೋನೆಟ್: 1907 ಅಂತ ಇದೆ, ಅಲಗು ಮಾತ್ರ ಗಿಡ್ಡ. ಗೊತ್ತಿದ್ದವರು ಹೇಳಿ

ಬೆಟಗೇರಿ ಲೇಥ್

ಎಲ್ಲರಿಗೂ ನಮಸ್ಕಾರ. ಗದಗ-ಬೆಟಗೇರಿಯಲ್ಲಿ ನಮ್ಮದು ಸಣ್ಣ ಲೇಥ್ ವರ್ಕ್‌ಶಾಪ್. ಹಳೇ ಶಾಫ್ಟ್ ಹುಡುಕಿಕೊಂಡು ಗುಜರಿಗೆ ಆಗಾಗ ಹೋಗುತ್ತೇನೆ. ಈ ಸಲ ಸವೆದ ಕುಂಟೆ ಕುಡ, ಸೈಕಲ್ ರಿಮ್‌ಗಳ ರಾಶಿಯ ಅಡಿಯಲ್ಲಿ ಒಂದು ಬಯೋನೆಟ್, ಅಂದರೆ ರೈಫಲ್ ತುದಿಗೆ ಸಿಕ್ಕಿಸುವ ಕತ್ತಿ, ಸಿಕ್ಕಿತು. ತೂಕದ ಲೆಕ್ಕದಲ್ಲೇ ಕೊಟ್ಟರು. ಒರೆ ಇರಲಿಲ್ಲ.

ಒಟ್ಟು ಉದ್ದ ಸುಮಾರು 43 ಸೆಂಟಿಮೀಟರ್, ಅಲಗು ಹೆಚ್ಚುಕಡಿಮೆ 30. ಹಿಡಿಗೆ ಎರಡೂ ಕಡೆ ಮರ, ಎರಡು ಸ್ಕ್ರೂ. ಅಡ್ಡಪಟ್ಟಿಯಲ್ಲಿರುವ ಉಂಗುರದ ಒಳಗೆ ವರ್ನಿಯರ್ ಇಟ್ಟು ನೋಡಿದೆ, 16.5 ಮಿಲಿಮೀಟರ್. ಹಿಡಿಯ ಹತ್ತಿರ ಅಲಗಿನ ಒಂದು ಬದಿಗೆ ಕಿರೀಟ, ಜಿ.ಆರ್., 1907, ಕೆಳಗೆ 10 '17, ಆಮೇಲೆ ವಿಲ್ಕಿನ್ಸನ್ ಅಂತ ಛಾಪು ಇದೆ. ಇನ್ನೊಂದು ಬದಿಗೆ ಬಾಣದ ಗುರುತು, ಎಕ್ಸ್.

ನೆಟ್‌ನಲ್ಲಿ 1907ರ ಬಯೋನೆಟ್ ನೋಡಿದರೆ ಎಲ್ಲ ಉದ್ದುದ್ದ. ತುಂಡಾದದ್ದನ್ನು ಯಾರೋ ಅರೆದು ಚೂಪು ಮಾಡಿದ್ದಾರೆ ಅಂತ ಪಕ್ಕದ ಅಂಗಡಿಯವರು ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ತುದಿಯ ಇಳಿಜಾರು ಎರಡೂ ಬದಿಗೆ ಸಮ ಇದೆ. ಹ್ಯಾಂಡ್ ಗ್ರೈಂಡರ್ ಹಿಡಿದರೆ ಎಲ್ಲೋ ಒಂದು ಕಡೆ ಜಾಸ್ತಿ ತಿನ್ನುತ್ತದೆ, ದಿನಾ ನೋಡುವ ಕೆಲಸ ಇದು. ಆದರೆ ಅಲಗಿನ ಗ್ರೂವ್ ಮಾತ್ರ ಹೆಚ್ಚುಕಡಿಮೆ ಮೊನೆಯ ತನಕ ಓಡಿದೆ, ಅದು ಯಾಕೋ ತಿಳಿಯಲಿಲ್ಲ. ಇದು ಯಾವ ವರ್ಷದ್ದು? ನಮ್ಮ ಹುಡುಗ ಬಫ್ ಹೊಡೆದು ಫಳಫಳ ಮಾಡುತ್ತೇನೆ ಅಂತಾನೆ. ಮಾಡಿಸಲಾ?

ಹಳೇ ಕಬ್ಬಿಣ, ಹುಬ್ಬಳ್ಳಿ

ಬಫ್ ಬೇಡವೇ ಬೇಡ. ದಯವಿಟ್ಟು ಹುಡುಗನಿಗೆ ಈಗಲೇ ಹೇಳಿಬಿಡಿ. ಆ ಛಾಪುಗಳು ಹೋದರೆ ಇದು ಬರೀ ಕಬ್ಬಿಣ.

1907 ಅನ್ನುವುದು ಮಾದರಿಯ ವರ್ಷ. ತಯಾರಾದದ್ದು 10 '17, ಅಂದರೆ 1917ರ ಅಕ್ಟೋಬರ್. ವಿಲ್ಕಿನ್ಸನ್ ಅನ್ನುವುದು ಮಾಡಿದ ಇಂಗ್ಲೆಂಡಿನ ಕಂಪನಿ. ಜಿ.ಆರ್. ಅಂದರೆ ಆಗಿನ ರಾಜ ಐದನೇ ಜಾರ್ಜ್. ಬಾಣ ಸರಕಾರದ ಮಾಲು ಅನ್ನುವುದಕ್ಕೆ, ಎಕ್ಸ್ ಅಲಗನ್ನು ಬಗ್ಗಿಸಿ ಪರೀಕ್ಷೆ ಮಾಡಿದ್ದಕ್ಕೆ. ಉಂಗುರದ ಅಳತೆಯೂ ಸರಿಯಾಗಿದೆ, ಇದು ಬ್ರಿಟಿಷ್ ಸೈನ್ಯದ ಗಿಡ್ಡ ಲೀ-ಎನ್‌ಫೀಲ್ಡ್ ರೈಫಲ್‌ನದೇ. ಆ ರೈಫಲ್‌ನಲ್ಲಿ ಉಂಗುರ ನಳಿಕೆಗೆ ಕೂರುವುದಿಲ್ಲ, ನಳಿಕೆಯ ಕೆಳಗೆ ಮುಂದೆ ಚಾಚಿರುವ ಗುಬುಟಿಗೆ ಕೂರುತ್ತದೆ.

ಇನ್ನು ಗ್ರೂವ್ ವಿಷಯ. ಉತ್ತರ ಅಲ್ಲೇ ಇದೆ. ರೈಫಲ್ ಗಿಡ್ಡ ಮಾಡಿದಾಗ ಸಿಪಾಯಿಯ ಎಟುಕು ಕಡಿಮೆ ಆಗಬಾರದು ಅಂತ ಬಯೋನೆಟ್ ಅಲಗನ್ನು 17 ಇಂಚು ಮಾಡಿದ್ದರು. ಅದರಲ್ಲಿ ಗ್ರೂವ್ ಸುಮಾರು 12 ಇಂಚು, ಮುಂದಿನದು ಸಪಾಟು. ಎರಡನೇ ಮಹಾಯುದ್ಧದ ಹೊತ್ತಿಗೆ ಭಾರತದಲ್ಲಿ ಇಂಥ ಉದ್ದನೆಯವನ್ನು 12 ಇಂಚಿಗೆ ಇಳಿಸಿದರು. ಸಪಾಟು ಭಾಗ ಹೋಯಿತು, ಗ್ರೂವ್ ಮೊನೆಗೆ ಬಂತು. ಬಂಗಾಳದ ಇಶಾಪುರದ ರೈಫಲ್ ಫ್ಯಾಕ್ಟರಿಯಲ್ಲಿ ಹೊಸದಾಗಿ 12 ಇಂಚಿನವನ್ನೂ ಮಾಡಿದರು. ಅವುಗಳ ಮೇಲೆ ಆರ್.ಎಫ್.ಐ. ಅಂತ ಇರುತ್ತದೆ, ಎಷ್ಟೋ ಅಲಗುಗಳಿಗೆ ಗ್ರೂವ್ ಇರುವುದೇ ಇಲ್ಲ. ನಿಮ್ಮದರಲ್ಲಿ ವಿಲ್ಕಿನ್ಸನ್, 1917, ಗಿಡ್ಡ ಅಲಗು, ಸಮನಾದ ಮೊನೆ. ಹಾಗಾಗಿ ಇದು ಸೈನ್ಯದ ಕಾರ್ಖಾನೆಯಲ್ಲೇ ಇಳಿಸಿದ್ದು ಅಂತ ನನ್ನ ನಂಬಿಕೆ. ಉದ್ದನೆಯದು ಎಲ್ಲರ ಹತ್ತಿರ ಇರುತ್ತದೆ. ಎರಡು ಯುದ್ಧದ ಗುರುತು ಒಂದೇ ಅಲಗಿನ ಮೇಲಿರುವ ಇದು ನನಗೆ ಹೆಚ್ಚು.

ಹಿಡಿಯ ಹಿಂಬದಿ ತುದಿಯ ಲೋಹದಲ್ಲಿ ಆರುಪಾರು ತೂತು ಇದೆಯಾ ನೋಡಿ. 1916ರಿಂದ ಮಣ್ಣು ಹೊರಗೆ ಬರಲಿ ಅಂತ ಅದನ್ನು ಹಾಕುತ್ತಿದ್ದರು.

ನಿವೃತ್ತ ಸೈನಿಕ, ಧಾರವಾಡ

ತಮ್ಮಾ, ಮೇಲಿನವರು ಸರಿಯಾಗಿ ಹೇಳಿದ್ದಾರೆ. ನನ್ನದು ಎರಡು ಮಾತು.

ತುಕ್ಕಿಗೆ ಸೀಮೆಎಣ್ಣೆಯಲ್ಲಿ ಅದ್ದಿದ ಮೆತ್ತನೆಯ ಬಟ್ಟೆ ಸಾಕು. ಉಜ್ಜುಕಾಗದ ಮುಟ್ಟಬೇಡ. ಮರಕ್ಕೆ ಹಸಿ ಅಗಸೆ ಎಣ್ಣೆ ಒಂದೆರಡು ಹನಿ ತಿಕ್ಕು, ಬ್ರಿಟಿಷ್ ಸೈನ್ಯದವರೂ ರೈಫಲ್ ಮರಕ್ಕೆ ಅದನ್ನೇ ಹಚ್ಚುತ್ತಿದ್ದರು. ವಾರ್ನಿಶ್ ಬೇಡ. ಸ್ಕ್ರೂ ಬಿಚ್ಚಲು ಹೋಗಬೇಡ, ಅದರ ತಲೆ ಹಾಳಾದರೆ ಸರಿ ಮಾಡುವುದು ಕಷ್ಟ.

ಎರಡನೆಯದು ಇದಕ್ಕಿಂತ ಮುಖ್ಯ. 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಕತ್ತಿ, ಬಾಕುವಿನ ಜೊತೆ ಬಯೋನೆಟ್ ಅಂತಲೂ ಬರೆದಿದೆ. ಇಂಥವಕ್ಕೆ ಲೈಸೆನ್ಸ್ ಬೇಕೋ ಬೇಡವೋ ಅನ್ನುವುದು ಆಯಾ ಪ್ರದೇಶಕ್ಕೆ ಅಧಿಸೂಚನೆ ಆಗಿದೆಯಾ ಅನ್ನುವುದರ ಮೇಲೆ ಹೋಗುತ್ತದೆ. ಸುಮ್ನೆ ಗೋಡೆಗೆ ನೇತುಹಾಕುವ ಮೊದಲು ಠಾಣೆಯಲ್ಲಿ ಕೇಳು. ಗುಜರಿಯವರಿಂದ ಒಂದು ಚೀಟಿ ಬರೆಸಿಕೋ. ಬಸ್ಸಿನಲ್ಲಿ ಚೀಲಕ್ಕೆ ಹಾಕಿಕೊಂಡು ಮಾತ್ರ ಓಡಾಡಬೇಡ.

ಇನ್ನೊಂದು. ಮರಾಠಾ ಲೈಟ್ ಇನ್‌ಫಂಟ್ರಿ ಕೇಂದ್ರ ಇಲ್ಲೇ ಬೆಳಗಾವಿಯಲ್ಲಿದೆ, ಹಾಗಾಗಿ ಇದು ಅವರದ್ದೇ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಲೋಹದ ಮೇಲೆ ಪಲ್ಟನ್ನಿನ ಗುರುತು ಕಾಣುವ ತನಕ ಒಪ್ಪಬೇಡ.

ಬೆಟಗೇರಿ ಲೇಥ್

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ತೂತು ಇದೆ! ಒಳಗೆ ಎರೆಮಣ್ಣು ಗಟ್ಟಿಯಾಗಿ ಕೂತಿತ್ತು, ಬಿದಿರ ಕಡ್ಡಿಯಿಂದ ತೆಗೆದೆ. ಹಿಡಿಯ ತುದಿಯಲ್ಲಿ ಅಂಕಿಗಳ ಥರ ಏನೋ ಇದೆ, ತುಕ್ಕಿನಲ್ಲಿ ಮುಚ್ಚಿದೆ. ಸೀಮೆಎಣ್ಣೆ ಹಚ್ಚಿಟ್ಟಿದ್ದೇನೆ.

ಧಾರವಾಡದ ಕಾಕಾ, ಗುಜರಿಯವರು ಚೀಟಿ ಕೊಡಲು ಒಪ್ಪಿದ್ದಾರೆ. ಅದನ್ನೂ ಫೋಟೋಗಳನ್ನೂ ಹಿಡಿದುಕೊಂಡು ನಾಳೆ ಠಾಣೆಗೆ ಹೋಗುತ್ತೇನೆ. ಬಯೋನೆಟ್ ವರ್ಕ್‌ಶಾಪಿನ ಕಪಾಟಿನಲ್ಲಿ ಕೀಲಿ ಹಾಕಿಟ್ಟಿದ್ದೇನೆ.

ಹಳೇ ಕಬ್ಬಿಣ, ಹುಬ್ಬಳ್ಳಿ

ಒಳ್ಳೆಯದಾಯಿತು. ಅಂಕಿಗಳ ಫೋಟೋ ತೆಗೆಯುವಾಗ ಫ್ಲ್ಯಾಶ್ ಬೇಡ, ಟಾರ್ಚನ್ನು ಪಕ್ಕದಿಂದ ಅಡ್ಡ ಹಿಡಿಯಿರಿ. ಬಾಣದ ಕೆಳಗೆ ಇಂಗ್ಲಿಷ್ ಐ ಅಕ್ಷರ ಕಂಡರೆ ಅದು ಭಾರತ ಸರಕಾರದ ಗುರುತು, ಮೊದಲು ಅದನ್ನೇ ಹುಡುಕಿ.