ಪದಚರ್ಚೆ: ಫಲಕಕ್ಕೆ ‘ಅನುರಣನ’ ಸಾಕೇ?

ಗೆಳೆಯರೇ, ವಿಜ್ಞಾನ ಪ್ರದರ್ಶನದ ಫಲಕವೊಂದಕ್ಕೆ ಇಂದು ಸಂಜೆಯೊಳಗೆ ಶೀರ್ಷಿಕೆ ಬೇಕಾಗಿದೆ. ಎರಡು ತಾಮ್ರದ ಸುರುಳಿಗಳು, ನಡುವೆ ಬರಿಯ ಗಾಳಿ. ಒಂದಕ್ಕೆ ವಿದ್ಯುತ್ ಕೊಟ್ಟರೆ ಇನ್ನೊಂದಕ್ಕೆ ಜೋಡಿಸಿದ ಬಲ್ಬು ಉರಿಯುತ್ತದೆ. 2007ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮರಿನ್ ಸೋಲ್ಯಾಚಿಚ್ ತಂಡ 2 ಮೀಟರ್ ಆಚೆಯ 60 ವ್ಯಾಟ್ ಬಲ್ಬನ್ನು ಉರಿಸಿದ್ದು ಹೀಗೆಯೇ. ನಾನು ಬರೆದಿರುವುದು: ‘ಕಾಂತೀಯ ಅನುರಣನದ ಮೂಲಕ ಮಧ್ಯಮ ದೂರದ ನಿಸ್ತಂತು ವಿದ್ಯುತ್ ಪ್ರಸರಣ’. ಓದಿದರೆ ನನಗೇ ಉಸಿರು ಕಟ್ಟುತ್ತದೆ.

---

‘ಪ್ರಸರಣ’ ತಪ್ಪು, ತೆಗೆಯಿರಿ. ಅದು ರೇಡಿಯೋ ಕೇಂದ್ರದ ಕೆಲಸ. ಇಲ್ಲಿ ಶಕ್ತಿ ದಿಕ್ಕುದಿಕ್ಕಿಗೆ ಹರಡುವುದಿಲ್ಲ; ಬಹುಪಾಲು ಸುರುಳಿಯ ಆಸುಪಾಸಿನ ಕಾಂತಕ್ಷೇತ್ರದಲ್ಲೇ ಇದ್ದು, ಅದೇ ಆವೃತ್ತಿಗೆ ಶ್ರುತಿಗೂಡಿದ ಇನ್ನೊಂದು ಸುರುಳಿ ಸಿಕ್ಕರೆ ಅತ್ತ ದಾಟುತ್ತದೆ. ‘ವರ್ಗಾವಣೆ’ ಎನ್ನಿ. ಮಿಕ್ಕದ್ದು ಸರಿಯಿದೆ.

---

> ‘ವರ್ಗಾವಣೆ’ ಎನ್ನಿ

ವರ್ಗಾವಣೆ ನೌಕರರಿಗೆ ಆಗುತ್ತದೆ. ‘ಸಾಗಣೆ’ ಎಂಬ ಪದ ಮರೆತುಹೋಯಿತೇ? ‘ನಿಸ್ತಂತು’ ಇನ್ನೂ ವಿಚಿತ್ರ. ತಂತು ಎಂದರೆ ನೂಲು, ಎಳೆ. ನಮ್ಮ ‘ತಂತಿ’ ಬಂದಿರುವುದು ‘ತಂತ್ರೀ’ಯಿಂದ. ‘ತಂತಿಯಿಲ್ಲದ’ ಎನ್ನಲು ನಾಚಿಕೆ ಏಕೆ? ಕಾಂತೀಯಕ್ಕೆ ‘ಸೂಜಿಗಲ್ಲಿನ’, ಅನುರಣನಕ್ಕೆ ‘ಮಾರ್ದನಿ’. ಮುಗಿಯಿತು.

---

ಮುಗಿಯಲಿಲ್ಲ. ಮಾರ್ದನಿ ಎಂದರೆ ಬಂಡೆಗೆ ಬಡಿದು ಮರಳುವ ಸದ್ದು. ಜೋಕಾಲಿಯನ್ನು ಅದರ ಲಯಕ್ಕೆ ಸರಿಯಾಗಿ ನೂಕುತ್ತಾ ಹೋದರೆ ಬೆರಳ ತುದಿಯ ಬಲಕ್ಕೂ ಅದು ಮೇಲೇರುತ್ತದಲ್ಲ, ಅದು ಅನುರಣನ. ಎರಡಕ್ಕೂ ಸಂಬಂಧವಿಲ್ಲ. ಅಂದಹಾಗೆ, ನಿಮ್ಮ ‘ದನಿ’ ಸಂಸ್ಕೃತದ ‘ಧ್ವನಿ’ಯೇ. ಅಚ್ಚಗನ್ನಡದ ಹಟವಿದ್ದರೆ ಮೊದಲು ಅದನ್ನು ಹೊರಗೆ ಹಾಕಿ.

---

ತದ್ಭವ ಕನ್ನಡದ ನಾಲಿಗೆಗೆ ಒಗ್ಗಿದ ಪದ. ನಿಮ್ಮದು ಪಠ್ಯಪುಸ್ತಕದಿಂದ ಇಳಿದದ್ದು. ‘ರಣನ’ ಎಂದರೂ ಸದ್ದೇ. ಆ ಸುರುಳಿಗಳಲ್ಲಿ ಏನು ಮೊಳಗುತ್ತದೆ, ಹೇಳಿ.

---

ಇಂಗ್ಲಿಷಿನ ‘ರೆಸೊನೆನ್ಸ್’ ಕೂಡ ಲ್ಯಾಟಿನ್‌ನಲ್ಲಿ ‘ಮರಳಿ ಮೊಳಗು’ ಎಂಬುದರಿಂದಲೇ ಬಂದದ್ದು. ಅಲ್ಲಿ ಯಾರೂ ಸದ್ದು ಹುಡುಕುವುದಿಲ್ಲ. ಬಲ್ಬು, ಮೀಟರ್, ವ್ಯಾಟ್ ಮೂರನ್ನೂ ತಕರಾರಿಲ್ಲದೆ ನುಂಗಿದವರು ಉಳಿದದ್ದಕ್ಕೇಕೆ ಕೆಮ್ಮುತ್ತೀರಿ? ‘ವೈರ್‌ಲೆಸ್ ಚಾರ್ಜಿಂಗ್’ ಎಂದು ಬರೆಯಿರಿ, ಮಕ್ಕಳಿಗೂ ತಿಳಿಯುತ್ತದೆ.

---

ತಪ್ಪು ತಿಳಿಯುತ್ತದೆ. ಬಲ್ಬಿನಲ್ಲಿ ಚಾರ್ಜ್ ಮಾಡಲು ಬ್ಯಾಟರಿ ಎಲ್ಲಿದೆ? ಮೊಬೈಲನ್ನು ಹಲಗೆಗೆ ತಾಗಿಸಿಡುವುದು ಸಾಮಾನ್ಯವಾಗಿ ಹತ್ತಿರದ ಪ್ರೇರಣೆ, ಅಂದರೆ ಒಂದು ಸುರುಳಿಯ ಬದಲಾಗುವ ಕಾಂತಕ್ಷೇತ್ರ ಪಕ್ಕದ ಸುರುಳಿಯಲ್ಲಿ ವಿದ್ಯುತ್ ಹುಟ್ಟಿಸುವುದು. ಒಂದೆರಡು ಅಂಗುಲ ಎತ್ತಿದರೆ ಚಾರ್ಜಿಂಗ್ ನಿಲ್ಲುತ್ತದೆ. ಫಲಕದಲ್ಲಿರುವುದು ಸುರುಳಿಯ ತ್ರಿಜ್ಯದ ಹಲವು ಪಟ್ಟು ದೂರ ದಾಟುವ ವಿಷಯ. ‘ಸೂಜಿಗಲ್ಲಿನ’ ಎಂದವರಿಗೂ ಒಂದು ಮಾತು: ಇಲ್ಲಿ ಸೂಜಿಯೂ ಇಲ್ಲ, ಕಲ್ಲೂ ಇಲ್ಲ. ಸುರುಳಿಯಲ್ಲಿ ವಿದ್ಯುತ್ ನಿಂತರೆ ಕಾಂತವೂ ಇಲ್ಲ.

---

ಎಲ್ಲರಿಗೂ ವಂದನೆ. ‘ಮಧ್ಯಮ ದೂರ’ದ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ, ಮಧ್ಯಮ ಎಂದರೆ ಎಷ್ಟು ಎಂದು ನೋಡುವವರು ಕೇಳಿಯೇ ಕೇಳುತ್ತಾರೆ, ಹಾಗಾಗಿ ಅದನ್ನು ಕೈಬಿಟ್ಟೆ. ಮುದ್ರಣಕ್ಕೆ ಕಳುಹಿಸಿದ್ದು: ‘ತಂತಿಯಿಲ್ಲದೆ ವಿದ್ಯುತ್ ಸಾಗಣೆ’, ಕೆಳಗೆ ಸಣ್ಣಕ್ಷರದಲ್ಲಿ ‘ಕಾಂತೀಯ ಅನುರಣನ ವಿಧಾನ’. ಪಕ್ಕದಲ್ಲಿ ಜೋಕಾಲಿಯ ಚಿತ್ರವನ್ನೂ ಹಾಕಿಸಿದೆ.

---

‘ಸಾಗಣೆ’ ಉಳಿಯಿತು, ಸಂತೋಷ. ‘ವಿಧಾನ’ ಏಕೆ? ‘ಬಗೆ’ ಇತ್ತಲ್ಲ.