ಹೆಬ್ಬೆರಳ ಬುಡದ ಕೀಲು ಸವೆತ: ಹೊಲಿಗೆ ಕೆಲಸ ಬಿಡಿಸದೆ ಏನು ಮಾಡಬಹುದು?

ಫಿಸಿಯೋ_ತಾಲ್ಲೂಕು

ತಾಲ್ಲೂಕು ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಿಂದ ಕೇಳುತ್ತಿದ್ದೇನೆ. ನಮ್ಮಲ್ಲಿ ಆಕ್ಯುಪೇಶನಲ್ ಥೆರಪಿಸ್ಟ್ (ಓಟಿ, ದಿನನಿತ್ಯದ ಕೆಲಸ ಮಾಡಲು ನೆರವಾಗುವ ಚಿಕಿತ್ಸಕರು) ಇಲ್ಲ.

56 ವರ್ಷದ ಮಹಿಳೆ, ಬ್ಲೌಸ್ ಹೊಲಿಯುವವರು, ಬಲಗೈಯವರು. ಹೆಬ್ಬೆರಳ ಬುಡದಲ್ಲಿ ನೋವು. ಕತ್ತರಿ ಹಿಡಿದಾಗ, ಹುಕ್ ಹೊಲಿಯುವಾಗ, ಡಬ್ಬಿ ಮುಚ್ಚಳ ತಿರುಗಿಸುವಾಗ ಹೆಚ್ಚು. ಗ್ರೈಂಡ್ ಟೆಸ್ಟ್ (ಹೆಬ್ಬೆರಳನ್ನು ಬುಡದ ಕೀಲಿಗೆ ಒತ್ತಿ ತಿರುಗಿಸಿ ನೋವು ನೋಡುವುದು) ಪಾಸಿಟಿವ್. ಎಕ್ಸ್‌ರೇ ಪ್ರಕಾರ, ಈ ಕೀಲಿನ ಸವೆತವನ್ನು ನಾಲ್ಕು ಹಂತಗಳಲ್ಲಿ ಅಳೆಯುವ ಈಟನ್ ವರ್ಗೀಕರಣದ ಎರಡನೇ ಹಂತ: ಸಂದು ಸ್ವಲ್ಪ ಕಿರಿದು, 2 ಮಿ.ಮೀ.ಗಿಂತ ಸಣ್ಣ ಎಲುಬಿನ ಮುಳ್ಳು. ಚಿವುಟಿ ಹಿಡಿದಾಗ ಹೆಬ್ಬೆರಳ ನಡುಗಂಟು, ಅಂದರೆ ಎಂಸಿಪಿ ಕೀಲು, ಹಿಂದಕ್ಕೆ ಬಾಗುತ್ತದೆ. ಸಕ್ಕರೆ ಕಾಯಿಲೆ ಇದೆ. ಮೆಡಿಕಲ್ ಶಾಪಿನ ಉದ್ದ ಸ್ಪ್ಲಿಂಟ್ (ಕೀಲು ಅಲುಗದಂತೆ ಹಿಡಿಯುವ ಆಸರೆ) ಮಣಿಕಟ್ಟನ್ನೂ ಕಟ್ಟಿಹಾಕುವುದರಿಂದ ಹಾಕಿಕೊಂಡು ಹೊಲಿಯಲಾಗದೆ ಬಿಚ್ಚಿಟ್ಟಿದ್ದಾರೆ. ಯಾರೋ ರಬ್ಬರ್ ಚೆಂಡು ಒತ್ತಲು ಹೇಳಿದ್ದರಂತೆ, ಅದಾದ ಮೇಲೆ ನೋವು ಜಾಸ್ತಿ.

ಯಾವ ಸ್ಪ್ಲಿಂಟ್, ಎಷ್ಟು ಹೊತ್ತು? ಚೆಂಡಿನ ಬದಲು ಏನು ಮಾಡಿಸಲಿ? ಕೆಲಸದಲ್ಲಿ ಏನೇನು ಬದಲಿಸಬೇಕು?

---

ಕೈಚಿಕಿತ್ಸೆ_ಓಟಿ

ಮೊದಲು ಚೆಂಡು ನಿಲ್ಲಿಸಿ. ಥೆರಪಿ ಪುಟ್ಟಿ (ಕೈ ವ್ಯಾಯಾಮಕ್ಕೆ ಕೊಡುವ ಮೆತ್ತನೆಯ ಮುದ್ದೆ) ಚಿವುಟಿಸುವುದೂ ಬೇಡ. ಬೆರಳ ತುದಿಯಲ್ಲಿ 1 ಕೆ.ಜಿ. ಬಲದಿಂದ ಚಿವುಟಿದರೆ ಬುಡದ ಕೀಲಿನ ಮೇಲೆ ಬೀಳುವ ಒತ್ತಡ ಅದರ ಸುಮಾರು 12 ಪಟ್ಟು. ಮಣಿಕಟ್ಟಿನ ಟ್ರಪೀಝಿಯಂ ಮೂಳೆಯೂ ಮೊದಲ ಮೆಟಕಾರ್ಪಲ್ಲೂ (ಅಂಗೈಯೊಳಗಿನ ಹೆಬ್ಬೆರಳ ಉದ್ದ ಮೂಳೆ) ಕೂಡುವ ಆ ಕೀಲು ಕುದುರೆಯ ಜೀನಿನ ಆಕಾರದ್ದು. ಎಲ್ಲ ದಿಕ್ಕಿಗೂ ತಿರುಗಬಲ್ಲದು, ಆದರೆ ಹಿಡಿದು ನಿಲ್ಲಿಸುವ ಕೆಲಸವನ್ನೆಲ್ಲ ಲಿಗಮೆಂಟ್, ಸ್ನಾಯುಗಳೇ ಮಾಡಬೇಕು. ಬಿಗಿಯಾಗಿ ಹಿಸುಕಿದಾಗ ಹೆಬ್ಬೆರಳನ್ನು ಅಂಗೈ ಕಡೆ ಎಳೆಯುವ ಅಡಕ್ಟರ್ ಸ್ನಾಯು ಮೇಲುಗೈ ಸಾಧಿಸುತ್ತದೆ. ಆಗ ಮೆಟಕಾರ್ಪಲ್‌ನ ತಲೆ ಒಳಕ್ಕೆ, ಬುಡ ಹೊರಕ್ಕೆ ಜಾರುತ್ತದೆ. ಕೈ ಅಗಲಿಸಲಾಗದ ಕೊರತೆಯನ್ನು ತುಂಬಲು ನಡುಗಂಟು ಹಿಂದಕ್ಕೆ ಬಾಗುತ್ತದೆ. ನೀವು ಕಂಡದ್ದು ಅದನ್ನೇ. ಬಿಟ್ಟರೆ ಹೆಬ್ಬೆರಳು ಇಂಗ್ಲಿಷಿನ ಝಡ್ ಅಕ್ಷರದ ಹಾಗೆ ನಿಂತುಬಿಡುತ್ತದೆ. ಹಿಡಿತ ದುರ್ಬಲ ಅಂತ ಚೆಂಡು ಕೊಟ್ಟರೆ ಈಗಾಗಲೇ ಬಲವಾಗಿರುವ ಸ್ನಾಯುವಿಗೇ ಇನ್ನಷ್ಟು ಬಲ ಕೊಟ್ಟಂತೆ.

ವ್ಯಾಯಾಮದ ಕ್ರಮ ಹೀಗಿರಲಿ:

ಮೊದಲು ಅಡಕ್ಟರ್ ಸಡಿಲಿಸಿ. ಹೆಬ್ಬೆರಳು, ತೋರುಬೆರಳ ನಡುವಿನ ಮಾಂಸಲ ಭಾಗವನ್ನು ಇನ್ನೊಂದು ಕೈಯಿಂದ ಮೆತ್ತಗೆ ಒತ್ತಿ ಹಿಡಿಯುವುದು, 1ರಿಂದ 2 ನಿಮಿಷ. ಆ ಕೈಯ ಹೆಬ್ಬೆರಳೂ ನೋಯುತ್ತಿದ್ದರೆ ಚರ್ಮವನ್ನಷ್ಟೇ ಅಲ್ಲದೆ ಮಾಂಸ ಸಮೇತ ಹಿಡಿಯುವಂತೆ ಬಟ್ಟೆ ಒಣಹಾಕುವ ಕ್ಲಿಪ್ ಸಿಕ್ಕಿಸಬಹುದು. ನಿಮ್ಮ ರೋಗಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಸ್ಪರ್ಶಜ್ಞಾನ ಪರೀಕ್ಷಿಸದೆ ಕ್ಲಿಪ್ ಬೇಡ.

ಆಮೇಲೆ ‘ಸಿ’ ಆಕಾರ. ಲೋಟ ಹಿಡಿಯಲು ಕೈ ಚಾಚಿದ ಹಾಗೆ ಹೆಬ್ಬೆರಳನ್ನು ಅಂಗೈಯಿಂದ ದೂರ ತಂದು 5 ಸೆಕೆಂಡ್ ನಿಲ್ಲಿಸುವುದು. ನಡುಗಂಟು ತುಸು ಮಡಚಿರಲೇಬೇಕು; ಹಿಂದಕ್ಕೆ ಬಾಗಿತೋ, ಆ ಸಲ ಲೆಕ್ಕಕ್ಕಿಲ್ಲ.

ಮೂರನೆಯದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ: ಮೊದಲ ಡಾರ್ಸಲ್ ಇಂಟರಾಸಿಯಸ್. ಮೆಟಕಾರ್ಪಲ್‌ನ ಬುಡವನ್ನು ಸ್ಥಾನದಲ್ಲಿ ಎಳೆದು ಹಿಡಿಯಲು ನೆರವಾಗುವ ಸ್ನಾಯು ಇದು. ಕಿರುಬೆರಳ ಅಂಚು ಮೇಜಿನ ಮೇಲಿರುವಂತೆ ಕೈ ಇಟ್ಟು, ಹೆಬ್ಬೆರಳನ್ನು ಸಡಿಲ ಬಿಟ್ಟು, ತೋರುಬೆರಳನ್ನು ಮಾತ್ರ ಹೆಬ್ಬೆರಳ ಕಡೆಗೆ ತರಬೇಕು. ಇನ್ನೊಂದು ಕೈಯ ಒಂದು ಬೆರಳಿನಿಂದ ತಡೆ ಕೊಟ್ಟು 5 ಸೆಕೆಂಡ್ ಹಿಡಿಯಲಿ. ತಡೆ ತಾಳಲಾಗದಷ್ಟು ನೋವಿದ್ದರೆ ಮೊದಲ ಎರಡು ವಾರ ತಡೆಯಿಲ್ಲದೆ. ‘ಸಿ’ ಮತ್ತು ಇದು ತಲಾ 10 ಸಲ, ದಿನಕ್ಕೆ ಎರಡು ಹೊತ್ತು ಸಾಕು.

ವ್ಯಾಯಾಮದ ನೋವು 2 ಗಂಟೆ ದಾಟಿದರೆ ಅಥವಾ ಮರುದಿನ ಬೆಳಿಗ್ಗೆ ಬಿಗಿತ ಹೆಚ್ಚಿದ್ದರೆ ಪ್ರಮಾಣ ಅರ್ಧಕ್ಕೆ ಇಳಿಸಿ. ಹೆಬ್ಬೆರಳನ್ನು ಕಿರುಬೆರಳ ಬುಡಕ್ಕೆ ಒತ್ತಾಯದಿಂದ ಎಳೆಯುವುದು, ನೆಟಿಕೆ ತೆಗೆಯುವುದು ಎರಡೂ ನಿಲ್ಲಲಿ.

ಇನ್ನು ಸ್ಪ್ಲಿಂಟ್. ಮಣಿಕಟ್ಟು ಬಿಟ್ಟು ಅಂಗೈಯಲ್ಲೇ ಮುಗಿಯುವ ಗಿಡ್ಡ ಸ್ಪ್ಲಿಂಟ್ ಬೇಕು. ಸಾಮಾನ್ಯವಾಗಿ ನಡುಗಂಟನ್ನೂ ಬಿಟ್ಟುಬಿಡುತ್ತೇವೆ, ಆದರೆ ಇವರಿಗೆ ಅದು ಹಿಂದಕ್ಕೆ ಬಾಗುವುದರಿಂದ ಅದನ್ನೂ ಸೇರಿಸಿ 20ರಿಂದ 30 ಡಿಗ್ರಿ ಮಡಚಿದ ಸ್ಥಿತಿಯಲ್ಲಿ ಹಿಡಿಯಬೇಕು. ತುದಿಯ ಕೀಲು ಮುಕ್ತವಾಗಿರಲಿ, ಇಲ್ಲವಾದರೆ ಸೂಜಿ ಹಿಡಿಯಲಾಗದು. ಥರ್ಮೋಪ್ಲಾಸ್ಟಿಕ್ (ಬಿಸಿಗೆ ಮೆದುವಾಗುವ ಪ್ಲಾಸ್ಟಿಕ್) ಹಾಳೆ 1.6 ಅಥವಾ 2.4 ಮಿ.ಮೀ., ರಂಧ್ರಗಳಿರುವುದು, ನಮ್ಮ ಸೆಖೆಗೆ ರಂಧ್ರವಿಲ್ಲದ್ದು ಒಳಗೆ ಬೆವರಿ ಚರ್ಮ ಕೆಡಿಸುತ್ತದೆ. ಹೆಚ್ಚಿನ ಹಾಳೆಗಳು 65ರಿಂದ 75 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಮೆದುವಾಗುತ್ತವೆ, ಪ್ಯಾಕೆಟ್ ನೋಡಿ. ನೀರಿನಿಂದ ತೆಗೆದು, ಟವೆಲಿನಲ್ಲಿ ಒರೆಸಿ, ನಿಮ್ಮ ಮುಂಗೈ ಮೇಲಿಟ್ಟು ಬಿಸಿ ನೋಡಿದ ಮೇಲೆಯೇ ಅವರ ಕೈಗೆ. ಹೆಬ್ಬೆರಳ ತುದಿ ತೋರುಬೆರಳು, ನಡುಬೆರಳುಗಳ ತುದಿ ಮುಟ್ಟಿ ದುಂಡಗೆ ‘ಓ’ ಆಗಿರುವಾಗ ಅಚ್ಚು ತೆಗೆಯಿರಿ. ತಣ್ಣಗಾಗುವವರೆಗೆ ಮೆಟಕಾರ್ಪಲ್‌ನ ಬುಡವನ್ನು ಹೊರಗಿನಿಂದ ಒಳಕ್ಕೆ, ತಲೆಯನ್ನು ಅಂಗೈ ಕಡೆಯಿಂದ ಹೊರಕ್ಕೆ ಒತ್ತಿ ಹಿಡಿಯಬೇಕು. ಈ ಎರಡು ಒತ್ತಡ ತಪ್ಪಿದರೆ ಅದು ಬರೀ ಚಿಪ್ಪು.

ಕೆಡುವುದು ಮೂರು ಕಡೆ. ಅಂಗೈ ಅಂಚು ಮೇಲಿನ ಮಡಿಕೆ ದಾಟಿದರೆ ಬೆರಳು ಮಡಚಲು ಬರುವುದಿಲ್ಲ. ಮಣಿಕಟ್ಟಿನ ಅಂಚು ಉದ್ದವಾದರೆ ರೇಡಿಯಲ್ ನರದ ಮೇಲ್ಪದರದ ಕವಲು ಒತ್ತಿ ಹೆಬ್ಬೆರಳ ಹಿಂಬದಿ ಜೋಮು ಹಿಡಿಯುತ್ತದೆ. ಹೆಬ್ಬೆರಳ ಕವಲಿನಲ್ಲಿ ಅಂಚು ಹೊರಳಿಸದಿದ್ದರೆ ಹುಣ್ಣಾಗುತ್ತದೆ. ಮೊದಲ ದಿನ 20 ನಿಮಿಷ ಹಾಕಿ ಬಿಚ್ಚಿ ನೋಡಿ; ಕೆಂಪು ಗುರುತು ಇನ್ನು 20 ನಿಮಿಷದಲ್ಲಿ ಮಾಯವಾಗದಿದ್ದರೆ ಆ ಜಾಗ ಹೀಟ್ ಗನ್‌ನಿಂದ ಸರಿಪಡಿಸಬೇಕು. ತೊಳೆಯುವುದು ತಣ್ಣೀರು, ಸೋಪಿನಲ್ಲಿ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟರೆ ಆಕಾರವೇ ಹೋಗುತ್ತದೆ.

ಹಾಳೆ ಸಿಗದಿದ್ದರೆ 3 ಮಿ.ಮೀ. ನಿಯೋಪ್ರೀನ್ (ಮೆತ್ತನೆಯ ರಬ್ಬರ್ ಬಟ್ಟೆ) ಪಟ್ಟಿಯದ್ದು ಪರವಾಗಿಲ್ಲ. ಹಿಡಿತ ಕಡಿಮೆ, ಆದರೆ ಜನ ಅದನ್ನು ನಿಜವಾಗಿ ಹಾಕಿಕೊಳ್ಳುತ್ತಾರೆ.

ಎಷ್ಟು ಹೊತ್ತು? ನೋವು ತರುವ ಕೆಲಸಕ್ಕೆ ಮಾತ್ರ, ದಿನವಿಡೀ ಅಲ್ಲ. ಕನಿಷ್ಠ 3 ತಿಂಗಳು ಬಳಸದೆ ತೀರ್ಮಾನಕ್ಕೆ ಬರಬೇಡಿ.

---

ಧಾರವಾಡ_ರಿಹ್ಯಾಬ್

ಒಂದು ತಕರಾರು ಐತ್ರಿ. ರಾತ್ರಿ ಹಾಕೋದನ್ನ ಬಿಡಬ್ಯಾಡ್ರಿ. ಫ್ರಾನ್ಸಿನ 112 ಮಂದಿ ಮೇಲೆ ಮಾಡಿದ ಅಧ್ಯಯನ 2009ರಾಗ ಪ್ರಕಟ ಆತು. ರಾತ್ರಿ ನಿಯೋಪ್ರೀನ್ ಸ್ಪ್ಲಿಂಟ್ ಹಾಕಿದವರಿಗೆ ಒಂದು ತಿಂಗಳಿಗೆ ಏನೂ ಫರಕ್ ಕಾಣಲಿಲ್ಲ, 12 ತಿಂಗಳಿಗೆ ನೋವು ಕಡಿಮಿ ಆಗಿತ್ತು. ಹೊಲಿಗಿ ಕೆಲಸದವರು ಹಗಲು ಹಾಕ್ಕೊಳ್ಳೂದು ಕಷ್ಟ, ರಾತ್ರಿ ಹಾಕ್ಕೊಂತಾರ.

---

ಕೈಚಿಕಿತ್ಸೆ_ಓಟಿ

@ಧಾರವಾಡ_ರಿಹ್ಯಾಬ್ ಒಪ್ಪಿದೆ, ರಾತ್ರಿಗೆ ಮೆತ್ತನೆಯದು ಕೊಡಬಹುದು. ಆದರೆ 2021ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವನ್ನೂ ಪಕ್ಕದಲ್ಲಿಡಿ: ವ್ಯಾಯಾಮ, ಕೆಲಸದ ವಿಧಾನ ಎಲ್ಲವನ್ನೂ ಚೆನ್ನಾಗಿ ಕಲಿಸಿದವರಿಗೆ ಅದರ ಮೇಲೆ ಸ್ಪ್ಲಿಂಟ್ ಕೊಟ್ಟದ್ದರಿಂದ 8 ವಾರದಲ್ಲಿ ಹೆಚ್ಚುವರಿ ಲಾಭ ಕಾಣಲಿಲ್ಲ. ಅವಧಿ ಬೇರೆ, ಹೋಲಿಕೆ ಬೇರೆ, ಹಾಗಾಗಿ ಒಂದು ಇನ್ನೊಂದನ್ನು ಸುಳ್ಳಾಗಿಸುವುದಿಲ್ಲ. ಸ್ಪ್ಲಿಂಟ್ ಕೊಟ್ಟು ಕೈ ತೊಳೆದುಕೊಳ್ಳುವ ನಮ್ಮ ರೂಢಿಗೆ ಮಾತ್ರ ಅದು ಪೆಟ್ಟು. ಅರ್ಧ ಗಂಟೆ ಸಿಕ್ಕರೆ ಅದರಲ್ಲಿ ಇಪ್ಪತ್ತು ನಿಮಿಷ ಕೆಲಸದ ವಿಧಾನಕ್ಕೇ ಕೊಡಿ.

---

ಹೊಲಿಗೆ_ತರಬೇತಿ

ಕತ್ತರಿ ವಿಷಯ ನಾನು ಹೇಳುತ್ತೇನೆ. ಟೈಲರ್ ಕತ್ತರಿ ಭಾರ, ಅದನ್ನು ತೆರೆಯುವ ಕೆಲಸವೆಲ್ಲ ಹೆಬ್ಬೆರಳದ್ದೇ. ತಾನೇ ತೆರೆದುಕೊಳ್ಳುವ ಸ್ಪ್ರಿಂಗ್ ಕತ್ತರಿಯಾದರೆ ಮುಚ್ಚುವುದಷ್ಟೇ ಉಳಿಯುತ್ತದೆ. ಬ್ಲೌಸ್ ಪೀಸಿಗೆ ರೋಟರಿ ಕಟ್ಟರ್ ಇನ್ನೂ ಒಳ್ಳೆಯದು: 45 ಮಿ.ಮೀ. ಚಕ್ರ, ಕೆಳಗೆ ಕಟಿಂಗ್ ಮ್ಯಾಟ್, ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದು ತಳ್ಳುವುದು. ಕಂಕುಳ, ಕುತ್ತಿಗೆಯ ತಿರುವಿಗೆ 28 ಮಿ.ಮೀ. ಚಕ್ರ. ಬಟ್ಟೆಯನ್ನು ಕೈಯಲ್ಲಿ ಎತ್ತಿ ಕತ್ತರಿಸದೆ ಮೇಜಿನ ಮೇಲೆ ಹಾಸಿ, ಕತ್ತರಿಯ ಕೆಳಗಿನ ಅಲಗು ಮೇಜಿಗೆ ತಾಗಿಕೊಂಡೇ ಸಾಗಲಿ. ಭಾರ ಮೇಜು ಹೊರುತ್ತದೆ. ಮೊಂಡು ಕತ್ತರಿ ಇಟ್ಟುಕೊಂಡು ಸ್ಪ್ಲಿಂಟ್ ಹಾಕಿ ಪ್ರಯೋಜನವಿಲ್ಲ, ಸಾಣೆ ಹಿಡಿಸಿ.

ಹುಕ್, ಫಾಲ್ ಕೆಲಸದಲ್ಲಿ ನೋವು ತರುವುದು ಸೂಜಿ ಚುಚ್ಚುವುದಲ್ಲ, ದಪ್ಪ ಪದರದಿಂದ ಎಳೆದು ತೆಗೆಯುವುದು. ನುಣುಪಾದ ಸೂಜಿ ಬೆರಳಿಂದ ಜಾರುತ್ತದೆ ಅಂತಲೇ ಗಟ್ಟಿಯಾಗಿ ಚಿವುಟುತ್ತಾರೆ. ನೋಟು ಎಣಿಸುವವರು ಹಾಕುವ ರಬ್ಬರ್ ಬೆರಳುಟೋಪಿ ಹಾಕಿದರೆ ಅರ್ಧ ಬಲ ಸಾಕು. ದಾರ ಪೋಣಿಸಲು ಥ್ರೆಡರ್. ಹೊಲಿಗೆ ಬಿಚ್ಚುವ ರಿಪ್ಪರ್‌ನ ಹಿಡಿ ಪೆನ್ಸಿಲಿಗಿಂತ ತೆಳು, ಅದನ್ನು ದಪ್ಪ ಮಾಡಲೇಬೇಕು. ಎಸಿ ಪೈಪಿಗೆ ಸುತ್ತುವ ಕಪ್ಪು ಫೋಮ್ ಕೊಳವೆಯ ತುಂಡು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಅದನ್ನೇ ತೂರಿಸಿ.

ಹುಕ್ಕುಗಳನ್ನೆಲ್ಲ ಕೂಡಿಟ್ಟು ಒಂದೇ ಸಂಜೆ ಹೊಲಿಯುವ ಅಭ್ಯಾಸ ಎಲ್ಲ ಟೈಲರುಗಳಿಗೂ ಇದೆ. ಒಂದು ಬ್ಲೌಸಿನ ಹುಕ್, ಆಮೇಲೆ ಮಷಿನ್, ಮತ್ತೆ ಹುಕ್ ಅಂತ ಹಂಚಿಕೊಂಡರೆ ಕೀಲಿಗೆ ಬಿಡುವು ಸಿಗುತ್ತದೆ.

---

ಫಿಸಿಯೋ_ತಾಲ್ಲೂಕು

ತುಂಬಾ ಉಪಯೋಗವಾಯಿತು. ಇನ್ನೆರಡು: ವ್ಯಾಕ್ಸ್ ಬಾತ್ (ಕರಗಿದ ಬಿಸಿ ಮೇಣದಲ್ಲಿ ಕೈ ಅದ್ದುವ ಚಿಕಿತ್ಸೆ) ನಮ್ಮಲ್ಲಿದೆ, ಕೊಡಬಹುದೇ? ಮಗಳು ಅಡುಗೆಮನೆ ಬಗ್ಗೆ ಕೇಳುತ್ತಿದ್ದಾರೆ. ಮುದ್ದೆ ಮಾಡುವ ಮನೆ.

---

ಕೈಚಿಕಿತ್ಸೆ_ಓಟಿ

ವ್ಯಾಕ್ಸ್ 52ರಿಂದ 54 ಡಿಗ್ರಿಯಲ್ಲಿರಲಿ, ಥರ್ಮಾಮೀಟರ್ ಇಲ್ಲದೆ ಬೇಡ. ಸ್ಪರ್ಶಜ್ಞಾನ ಸರಿಯಿದ್ದರೆ, ಗಾಯ ಇಲ್ಲದಿದ್ದರೆ 6ರಿಂದ 8 ಸಲ ಅದ್ದಿ, ಪ್ಲಾಸ್ಟಿಕ್ ಮತ್ತು ಟವೆಲ್ ಸುತ್ತಿ 15 ನಿಮಿಷ. ಬಿಸಿ ಇರುವಾಗಲೇ ವ್ಯಾಯಾಮ ಮಾಡಿಸಿ. ಸ್ಪರ್ಶಜ್ಞಾನ ಕಡಿಮೆಯಿದ್ದರೆ ಉಗುರುಬೆಚ್ಚಗಿನ ನೀರಷ್ಟೇ. ಮನೆಯಲ್ಲಿ ಒಲೆ ಮೇಲೆ ಮೇಣ ಕರಗಿಸುವ ವಿಡಿಯೋ ನೋಡಿ ಮಾಡಲು ಹೊರಟರೆ ತಡೆಯಿರಿ; ಸುಟ್ಟ ಕೈ ಬರುತ್ತದೆ.

ಅಡುಗೆಮನೆಯಲ್ಲಿ ಮೊದಲ ಶತ್ರು ಇಕ್ಕಳ. ತುಂಬಿದ ಪಾತ್ರೆಯ ಪೂರ್ತಿ ಭಾರ ಹೆಬ್ಬೆರಳ ಹಿಡಿತದಲ್ಲಿ ತೂಗುತ್ತದೆ. ಎರಡು ಕಡೆ ಕಿವಿಯಿರುವ ಪಾತ್ರೆ, ಎರಡೂ ಕೈಗೆ ದಪ್ಪ ಬಟ್ಟೆ. ಅನ್ನ ಬಸಿಯಲು ಪಾತ್ರೆ ಎತ್ತದೆ ಸೌಟಿನಲ್ಲಿ ಜಾಲರಿಗೆ ಹಾಕಿಕೊಳ್ಳಬಹುದು.

ಮುದ್ದೆ ತೊಳಸುವಾಗ ಪಾತ್ರೆಯನ್ನು ಕವೆಗೋಲು ಹಿಡಿಯಲಿ, ಎಡಗೈ ಅಲ್ಲ. ಕೋಲನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲೇ ಇಡಬೇಕು; ಕೋಲಿನ ಉದ್ದಕ್ಕೆ ಚಾಚಿ ಒತ್ತಿದರೆ ಬುಡದ ಕೀಲಿಗೇ ಏಟು. ಕೋಲು ತೆಳುವಾಗಿದ್ದರೆ ಹಿಡಿಯುವ ಜಾಗಕ್ಕೆ ಬಟ್ಟೆ ಸುತ್ತಿ 3ರಿಂದ 4 ಸೆಂ.ಮೀ. ದಪ್ಪ ಮಾಡಿ. ಅದಕ್ಕಿಂತ ದಪ್ಪವಾದರೆ ಕೈ ಅಗಲಿಸಿಯೇ ನೋವು ಬರುತ್ತದೆ. ನಾಲ್ಕೈದು ಜನಕ್ಕೆ ಒಂದೇ ಸಲ ತೊಳಸುವ ಬದಲು ಎರಡು ಸಣ್ಣ ಪಾತ್ರೆ.

ಚಪಾತಿ ಹಿಟ್ಟನ್ನು ಅಂಗೈ ಹಿಮ್ಮಡಿಯಿಂದ ನಾದಲಿ. ಡಬ್ಬಿ ಮುಚ್ಚಳವನ್ನು ಒದ್ದೆ ರಬ್ಬರ್ ತುಂಡು ಇಟ್ಟು ಅಂಗೈಯಿಂದ ಒತ್ತಿ, ಭುಜದಿಂದ ತಿರುಗಿಸಬೇಕು. ದಿನಾ ಬಳಸುವ ಡಬ್ಬಿಗಳನ್ನು ಪೂರ್ತಿ ಬಿಗಿಯದಿದ್ದರೆ ಇನ್ನೂ ಸುಲಭ. ಒಗೆದ ಬಟ್ಟೆ ಹಿಂಡದೆ ನಲ್ಲಿಗೆ ಸುತ್ತಿ ಎರಡೂ ಕೈಯಿಂದ ಎಳೆಯಲಿ. ತೆಂಗಿನಕಾಯಿ ತುರಿಯುವುದನ್ನು ಮಗಳೇ ವಹಿಸಿಕೊಳ್ಳಲಿ: ಹೋಳನ್ನು ಅಗಲ ಕೈಯಲ್ಲಿ ಹಿಡಿದು ಒತ್ತಿ ತಿರುಗಿಸುವ ಕೆಲಸಕ್ಕೆ ಒಳ್ಳೆಯ ಪರ್ಯಾಯ ಗ್ರೈಂಡರಿನ ತುರಿಯುವ ಅಟ್ಯಾಚ್‌ಮೆಂಟ್ ಒಂದೇ. ಮೊಬೈಲ್ ಹೆಬ್ಬೆರಳಲ್ಲಿ ಒತ್ತುವುದು ಬೇಡ, ಮೇಜಿನ ಮೇಲಿಟ್ಟು ತೋರುಬೆರಳು.

---

ಹ್ಯಾಂಡ್_ಸರ್ಜರಿ

ಎರಡು ಮಾತು ಸೇರಿಸುತ್ತೇನೆ. ಹೆಬ್ಬೆರಳ ಕಡೆಯ ನೋವೆಲ್ಲ ಈ ಕೀಲಿನದ್ದಲ್ಲ. ಮಣಿಕಟ್ಟಿನ ಪಕ್ಕದ ಎಲುಬಿನ ಉಬ್ಬಿನ ಮೇಲೆ ನೋವಿದ್ದು, ಹೆಬ್ಬೆರಳನ್ನು ಮುಷ್ಟಿಯೊಳಗೆ ಹಿಡಿದು ಮಣಿಕಟ್ಟು ಕಿರುಬೆರಳ ಕಡೆ ಬಾಗಿಸಿದಾಗ ಚುಳುಕ್ ಎಂದರೆ ಡಿ ಕ್ವರ್ವೇನ್ (ಹೆಬ್ಬೆರಳ ಸ್ನಾಯುರಜ್ಜುಗಳ ಕವಚದ ತೊಂದರೆ) ನೋಡಿ. ರಾತ್ರಿ ಮೊದಲ ಮೂರು ಬೆರಳು ಜೋಮು ಹಿಡಿದರೆ ಕಾರ್ಪಲ್ ಟನಲ್ (ಮಣಿಕಟ್ಟಿನಲ್ಲಿ ನರ ಒತ್ತಿಹೋಗುವುದು). ಸಕ್ಕರೆ ಕಾಯಿಲೆಯವರಲ್ಲಿ ಎರಡೂ ಒಟ್ಟಿಗೆ ಇರಬಹುದು. ಬೆಳಗಿನ ಬಿಗಿತ ಒಂದು ಗಂಟೆ ಮೀರಿ, ಹಲವು ಬೆರಳುಗಳ ಬುಡ ಊದಿದ್ದರೆ ರುಮಟಾಯ್ಡ್ ಸಂಧಿವಾತದ ರಕ್ತಪರೀಕ್ಷೆ ಮಾಡಿಸಿ.

ನೋವಿಗೆ ಮೊದಲು ಡೈಕ್ಲೋಫೆನಾಕ್ ಜೆಲ್, ಮಾತ್ರೆ ಆಮೇಲೆ. ಸ್ಟೀರಾಯ್ಡ್ ಇಂಜೆಕ್ಷನ್ ಕೇಳಿಕೊಂಡು ಬರುತ್ತಾರೆ. ಪರಿಣಾಮ ಬಹಳ ದಿನ ಉಳಿಯುವುದಿಲ್ಲ, ಮತ್ತು ಇವರಿಗೆ ಕೆಲವು ದಿನ ಸಕ್ಕರೆ ಏರುತ್ತದೆ. ಮೂರರಿಂದ ಆರು ತಿಂಗಳು ಮೇಲಿನದ್ದನ್ನೆಲ್ಲ ಸರಿಯಾಗಿ ಮಾಡಿಯೂ ರಾತ್ರಿ ನಿದ್ದೆ ಕೆಡುವಷ್ಟು ನೋವಿದ್ದರೆ ಕಳಿಸಿ. ಟ್ರಪೀಝಿಯಂ ತೆಗೆಯುವ ಶಸ್ತ್ರಚಿಕಿತ್ಸೆಯಲ್ಲಿ ನೋವು ಚೆನ್ನಾಗಿ ಇಳಿಯುತ್ತದೆ, ಆದರೆ ಮೊದಲ 4ರಿಂದ 6 ವಾರ ಪ್ಲಾಸ್ಟರ್ ಅಥವಾ ಸ್ಪ್ಲಿಂಟ್, ಹಿಡಿತ ಮರಳಲು ತಿಂಗಳುಗಟ್ಟಲೆ. ಮದುವೆ ಸೀಸನ್ನಿಗೆ ಮುಂಚೆ ಮಾಡಿಸಿಕೊಂಡರೆ ಆ ಸೀಸನ್ ಕೈತಪ್ಪುತ್ತದೆ ಎಂದು ಮೊದಲೇ ಹೇಳಿಬಿಡಿ.

ಕಳಿಸುವಾಗ ಚೀಟಿಯಲ್ಲಿ ನಡುಗಂಟು ಎಷ್ಟು ಡಿಗ್ರಿ ಹಿಂದಕ್ಕೆ ಬಾಗುತ್ತದೆ ಎಂದು ಅಳೆದು ಬರೆಯಿರಿ. 30 ಡಿಗ್ರಿ ಮೀರಿದ್ದರೆ ಆ ಕೀಲಿಗೂ ಏನಾದರೂ ಮಾಡಬೇಕಾಗುತ್ತದೆ, ಇಲ್ಲವಾದರೆ ಬುಡದಲ್ಲಿ ಮಾಡಿದ ಕೆಲಸ ಉಳಿಯುವುದಿಲ್ಲ.